ಸ್ಥಾನಮಾನ ಕಳೆದುಕೊಂಡು ತನ್ನನ್ನು ತಾನೇ ಹುಡುಕಿಕೊಳ್ಳುವ ಕಥೆಯಿರುವ ಕನ್ನಡ ಕಾದಂಬರಿ ಯಾವುದು?

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಓದಿ. 1965ರಲ್ಲಿ ಬಂದ ಪುಟ್ಟ ಕಾದಂಬರಿ.

ದೂರ್ವಾಸಪುರದ ಅಗ್ರಹಾರದಲ್ಲಿ ಪ್ರಾಣೇಶಾಚಾರ್ಯರ ಮಾತೇ ಕೊನೆಯ ಮಾತು. ಬ್ರಾಹ್ಮಣನಾಗಿ ಹುಟ್ಟಿಯೂ ಆಚಾರ ಬಿಟ್ಟು ಬದುಕಿದ್ದ ನಾರಣಪ್ಪ ಸತ್ತಾಗ ಅವನ ಶವಸಂಸ್ಕಾರ ಯಾರು ಮಾಡಬೇಕು ಎಂಬ ಪ್ರಶ್ನೆ ಬರುತ್ತದೆ. ಎಷ್ಟು ಗ್ರಂಥ ತಿರುವಿದರೂ ಆಚಾರ್ಯರಿಗೆ ಉತ್ತರ ಸಿಗುವುದಿಲ್ಲ. ಒಂದು ರಾತ್ರಿ ಕಾಡಿನಲ್ಲಿ, ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿಯನ್ನು ಕೂಡುತ್ತಾರೆ. ಅಲ್ಲಿಗೆ ಅವರು ನಂಬಿಕೊಂಡಿದ್ದ ‘ನಾನು’ ಕುಸಿಯುತ್ತದೆ.

ನನಗೆ ಜಾಸ್ತಿ ಇಷ್ಟವಾಗೋದು ಕೊನೆಯ ಭಾಗ. ಹೆಂಡತಿಯೂ ತೀರಿಕೊಂಡ ಮೇಲೆ ಆಚಾರ್ಯರು ಊರು ಬಿಡುತ್ತಾರೆ. ದಾರಿಯಲ್ಲಿ ಜೊತೆಯಾಗುವ ಪುಟ್ಟ ಸುಮ್ನೆ ಹರಟುತ್ತಾನೆ, ಮೇಳಿಗೆಯ ಜಾತ್ರೆ ತೋರಿಸುತ್ತಾನೆ. ಗುರುತು ಸಿಕ್ಕೀತು ಎಂಬ ಭಯದಲ್ಲೇ ಅವರು ಊಟದ ಪಂಕ್ತಿಯಲ್ಲಿ ಕೂರುತ್ತಾರೆ. ಗೌರವವೆಲ್ಲ ಕಳಚಿಟ್ಟ ಮನುಷ್ಯನ ಆ ತಳಮಳ ನಮ್ಮದೇ ಅನ್ನಿಸುತ್ತದೆ, ಅಲ್ವಾ?