ಉರಿಯೂತ ತಗ್ಗಿಸುವ ಪ್ರೋಟೀನನ್ನೇ ಔಷಧವಾಗಿ ಕೊಡಬಹುದೇ?

ಪ್ರಶ್ನೆ: ನನ್ನ ತಾಯಿಗೆ 46 ವರ್ಷ. ಅವರಿಗೆ ರುಮಟಾಯ್ಡ್ ಸಂಧಿವಾತವಿದೆ. ಬೆಳಗ್ಗೆ ಬೆರಳು ಮಡಚಲು ಬಾರದ ಕಾರಣ ರೊಟ್ಟಿ ಬಡಿಯುವುದನ್ನೇ ಬಿಟ್ಟಿದ್ದಾರೆ. ಹುಬ್ಬಳ್ಳಿಯ ವೈದ್ಯರು ಒಂದು ತಿಂಗಳ ಹಿಂದೆ ಮೆಥೋಟ್ರೆಕ್ಸೇಟ್ ಮಾತ್ರೆ ಆರಂಭಿಸಿದ್ದಾರೆ. ದೇಹದಲ್ಲೇ ತಯಾರಾಗುವ ಇಂಟರ್‌ಲ್ಯೂಕಿನ್-10 ಎಂಬ ಪ್ರೋಟೀನ್ ಉರಿಯೂತವನ್ನು ತಗ್ಗಿಸುತ್ತದೆಂದು ಓದಿದೆ. ಅದನ್ನೇ ಇಂಜೆಕ್ಷನ್ ಮೂಲಕ ಕೊಡಬಹುದಲ್ಲವೇ? ಅದನ್ನು ಹೆಚ್ಚಿಸುತ್ತದೆಂದು ಹೇಳಿ ಪರಿಚಿತರೊಬ್ಬರು ಪುಡಿ ತಂದುಕೊಟ್ಟಿದ್ದಾರೆ. ಮಾತ್ರೆ ನಿಲ್ಲಿಸಿ ಅದನ್ನು ಕೊಡಲೇ?
– ಓದುಗರೊಬ್ಬರು, ಗದಗ

ಉತ್ತರ: ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಅರ್ಧ ಸಂಗತಿ ಮಾತ್ರ. 1989ರಲ್ಲಿ ಪತ್ತೆಯಾದ ಇಂಟರ್‌ಲ್ಯೂಕಿನ್-10, ರೋಗನಿರೋಧಕ ಜೀವಕೋಶಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮತ್ತು 6 ಎಂಬ ಉರಿಯೂತಕಾರಕಗಳನ್ನು ತಯಾರಿಸದಂತೆ ತಡೆಯುತ್ತದೆ. ಕೀಲಿನ ಒಳಪೊರೆಗೆ ಬಾವು ತರಿಸಿ, ಮುಂದೆ ಮೃದ್ವಸ್ಥಿಯನ್ನೂ ಎಲುಬನ್ನೂ ಸವೆಸುವುದರಲ್ಲಿ ಈ ಮೂರರ ಪಾತ್ರ ದೊಡ್ಡದು. ಈ ಪ್ರೋಟೀನಿನ ಸಂದೇಶವನ್ನು ಗ್ರಹಿಸಲಾಗದ ದೋಷದೊಂದಿಗೆ ಹುಟ್ಟಿದ ಶಿಶುಗಳಿಗೆ ಮೊದಲ ತಿಂಗಳುಗಳಲ್ಲೇ ಕರುಳಿನ ತೀವ್ರ ಉರಿಯೂತ ಬರುತ್ತದೆ ಎಂಬುದರಿಂದ ಅದರ ಮಹತ್ವವನ್ನು ಊಹಿಸಬಹುದು.

ಹಾಗಾದರೆ ನಿಮ್ಮ ತಾಯಿಯ ದೇಹದಲ್ಲಿ ಅದು ಇಲ್ಲವೇ? ಇದ್ದೇ ಇರುತ್ತದೆ. ಲಂಡನ್ನಿನ ಸಂಶೋಧಕರು ಸಂಧಿವಾತ ರೋಗಿಗಳ ಕೀಲಿನ ಒಳಪೊರೆಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದಾಗ, ಅದು ತಾನಾಗಿಯೇ ಇಂಟರ್‌ಲ್ಯೂಕಿನ್-10 ತಯಾರಿಸುತ್ತಿತ್ತು; ಅದರ ಕೆಲಸಕ್ಕೆ ತಡೆಯೊಡ್ಡಿದಾಗ ಟಿಎನ್‌ಎಫ್ ಇನ್ನಷ್ಟು ಏರಿತು. ಎಂದರೆ ರೋಗಗ್ರಸ್ತ ಕೀಲಿನಲ್ಲೂ ಈ ಪ್ರೋಟೀನ್ ದುಡಿಯುತ್ತಲೇ ಇರುತ್ತದೆ, ಆದರೆ ಉರಿಯುವ ಬಣವೆಗೆ ಒಂದು ಕೊಡ ನೀರು ಸಾಲದಂತೆ ಅದು ಸಾಲುವುದಿಲ್ಲ.

ಹೊರಗಿನಿಂದ ಕೊಡುವ ಪ್ರಯತ್ನವೂ ನಡೆದಿದೆ. ಇಲಿಗಳ ಸಂಧಿವಾತ ತಗ್ಗಿತು. ಮನುಷ್ಯರಲ್ಲಿ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಅದು ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಮೇಲಾಗಿ, ಪ್ರತಿಕಾಯಗಳನ್ನು ತಯಾರಿಸುವ ಬಿ ಜೀವಕೋಶಗಳಿಗೆ ಅದು ಪುಷ್ಟಿ ಕೊಡುತ್ತದೆ, ಈ ರೋಗದಲ್ಲಿ ಸ್ವಂತ ದೇಹದ ವಿರುದ್ಧ ತಿರುಗಿರುವ ಪ್ರತಿಕಾಯಗಳೇ ತೊಂದರೆಯ ಒಂದು ಭಾಗ. ಆದರೆ ಉರಿ ಹೆಚ್ಚಿಸುವ ಟಿಎನ್‌ಎಫ್ ಅನ್ನೇ ಕಟ್ಟಿಹಾಕುವ ದಾರಿ ನಿಜಕ್ಕೂ ಫಲಿಸಿತು, ಇನ್‌ಫ್ಲಿಕ್ಸಿಮ್ಯಾಬ್ ಅಂಥ ಔಷಧ. ದೇಹದ ಇನ್ನೊಂದು ಶಾಮಕ ಪ್ರೋಟೀನಿನ ಮಾದರಿಯಲ್ಲಿ ರೂಪಿಸಿದ ಅನಕಿನ್ರಾ 2001ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತಾದರೂ, ನಿತ್ಯ ಚುಚ್ಚಿಕೊಳ್ಳಬೇಕಾದ ಅದರ ಪರಿಣಾಮ ಈ ರೋಗದಲ್ಲಿ ಸಾಧಾರಣ.

ಪುಡಿಯ ವಿಚಾರದಲ್ಲಿ ನನಗೆ ನಿಜವಾಗಿ ಆತಂಕವಿದೆ. ಹೆಸರು, ವಿವರಗಳಿಲ್ಲದ ಇಂಥ ಕೆಲವು ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ. ನೋವು ಬೇಗ ಇಳಿಯುತ್ತದೆ, ಆದರೆ ಕೀಲಿನ ಸವೆತ ಒಳಗೊಳಗೇ ಮುಂದುವರಿಯಬಹುದು, ಸಕ್ಕರೆಯ ಪ್ರಮಾಣ ಏರಬಹುದು. ಮೆಥೋಟ್ರೆಕ್ಸೇಟ್ ತನ್ನ ಗುಣ ತೋರಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಅದನ್ನು ವಾರದ ಒಂದು ನಿಗದಿತ ದಿನ ಮಾತ್ರ ಕೊಡಿ, ತಪ್ಪಿ ದಿನಾಲೂ ನುಂಗಿದರೆ ಜೀವಕ್ಕೇ ಅಪಾಯ. ವೈದ್ಯರು ಬರೆದ ಫೋಲಿಕ್ ಆಮ್ಲವನ್ನು ತಪ್ಪಿಸಬೇಡಿ. ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆಗಾಗಿ ಪ್ರತಿ ಸಲ ಹುಬ್ಬಳ್ಳಿಗೆ ಹೋಗಬೇಕಿಲ್ಲ, ಗದಗಿನಲ್ಲೇ ಮಾಡಿಸಿ ವರದಿ ತೋರಿಸಬಹುದು. ಮೂರು ತಿಂಗಳಾದರೂ ಬೆಳಗಿನ ಬಿಗಿತ ಸಡಿಲವಾಗದಿದ್ದರೆ ಅದೇ ವೈದ್ಯರಲ್ಲಿಗೆ ಹೋಗಿ. ಅವರು ಪ್ರಮಾಣ ಹೆಚ್ಚಿಸಬಹುದು, ಬೇರೆ ಮಾತ್ರೆ ಸೇರಿಸಬಹುದು, ಇಲ್ಲವೇ ಕ್ಷಯರೋಗದ ಪರೀಕ್ಷೆ ಮಾಡಿಸಿದ ಬಳಿಕ ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಆರಂಭಿಸಬಹುದು.