ವೈಟ್ ಹಾಟ್ ಚಾಕೊಲೇಟ್ ನೀರುನೀರಾಗಿ ಜಿಡ್ಡು ತೇಲ್ತಿದೆ ಅಂದಿದ್ದಕ್ಕೆ
ನಂದಿನಿ ನೀಲಿ ಪ್ಯಾಕೆಟ್ ಹಾಲು ಕುದಿಯುವಾಗ್ಲೇ ವೈಟ್ ಚಾಕೊಲೇಟ್ ತುಂಡು ಹಾಕ್ದೆ, ಗಟ್ಟಿ ಆಗ್ಲಿಲ್ಲ, ಮೇಲೆ ಜಿಡ್ಡು ಅಂದ್ರಲ್ಲ, ಮೊದ್ಲು ಚಾಕೊಲೇಟ್ ಕವರ್ ಹಿಂದೆ ತಿರುಗಿಸಿ ನೋಡಿ. ಕೋಕೋ ಬಟರ್ ಅಂತಿದ್ರೆ ಸರಿ, ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್ ಅಂತಿದ್ರೆ ಅದು ಬೇಕರಿಯವ್ರು ಕೇಕಿಗೆ ಹಾಕೋ ಕಾಂಪೌಂಡು, ಎಷ್ಟು ತಿರುವಿದ್ರೂ ಬಾಯಿಗೆ ಮೇಣ ಮೆತ್ತಿದಂಗೇ ಇರುತ್ತೆ.

ನೀಲಿ ಪ್ಯಾಕೆಟ್ಟಲ್ಲಿ ಫ್ಯಾಟ್ ಬರೀ 3%, ಆರೆಂಜ್ ಬಣ್ಣದ ಶುಭಂ ತಗೊಳ್ಳಿ, 4.5% ಇರುತ್ತೆ. 200 ಎಂಎಲ್ ಹಾಲಿಗೆ 40 ಗ್ರಾಂ ಚಾಕೊಲೇಟ್ ಸಾಕು. ಒಂದು ಟೀ ಚಮಚ ಕಾರ್ನ್‌ಫ್ಲೋರನ್ನ ತಣ್ಣನೆ ಹಾಲಲ್ಲಿ ಗಂಟಿಲ್ದಂಗೆ ಕಲಸಿ ಉಳಿದ ಹಾಲಿಗೆ ಸೇರ್ಸಿ, ಸಣ್ಣ ಉರೀಲಿ ಕೈಬಿಡದೆ ತಿರುವ್ತಾ ಒಂದು ಕುದಿ ಬಂದು ಸೌಟಿನ ಬೆನ್ನಿಗೆ ತೆಳ್ಳಗೆ ಅಂಟೋ ಹೊತ್ತಿಗೆ ಗ್ಯಾಸ್ ಆಫ್ ಮಾಡಿ, ಆಮೇಲೇ ಸಣ್ಣಗೆ ಹೆಚ್ಚಿದ ಚಾಕೊಲೇಟ್ ಹಾಕೋದು, ಯಾಕಂದ್ರೆ ಅದ್ರಲ್ಲಿ ಸಕ್ಕರೆ ಹಾಲಿನಪುಡಿ ಜಾಸ್ತಿ, ಉರಿ ಮೇಲೆ ಬೇಗ ತಳ ಹಿಡಿಯುತ್ತೆ. ಬೇರೆ ಸಕ್ಕರೆ ಬೇಡ್ವೇ ಬೇಡ, ಒಂದು ಚಿಟಿಕೆ ಉಪ್ಪು ಹಾಕಿ, ಸಿಹಿ ಮುಖಕ್ಕೆ ಹೊಡೆಯಲ್ಲ.

ಇಳಿಸಿದ್ಮೇಲೆ ಮಜ್ಜಿಗೆ ಕಡಗೋಲಲ್ಲಿ ಒಂದೆರಡು ನಿಮಿಷ ಕಡೀರಿ, ತೇಲೋ ಜಿಡ್ಡು ಹಾಲಲ್ಲಿ ಬೆರೆತು ಮೇಲೆ ನೊರೆ ಬರುತ್ತೆ (ಬಿಸಿಬಿಸೀನೇ ಮಿಕ್ಸಿಗೆ ಹಾಕ್ಬೇಡಿ, ಮುಚ್ಚಳ ಹಾರುತ್ತೆ). ವೆನಿಲ್ಲಾ ಎಸೆನ್ಸ್ ಇಲ್ದಿದ್ರೆ ಜಾಯಿಕಾಯಿ ಸ್ವಲ್ಪ ತೇಯ್ದು ಹಾಕಿ, ನಂಗಂತೂ ಅದೇ ಇಷ್ಟ.