ಹಸಿರು ಠೇವಣಿ: ದುಡ್ಡು ನಿಜವಾಗಿಯೂ ಅಲ್ಲಿಗೆ ಹೋಗುತ್ತದಾ?

ತೀರ್ಥಹಳ್ಳಿ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: "ಎಫ್‌ಡಿ ನವೀಕರಿಸಲು ಬ್ಯಾಂಕಿಗೆ ಹೋಗಿದ್ದೆ. ಹಸಿರು ಠೇವಣಿ ಅಂತ ಒಂದಿದೆ, ನಿಮ್ಮ ದುಡ್ಡು ಸೋಲಾರ್, ಗಾಳಿ ವಿದ್ಯುತ್ತಿಗೆ ಹೋಗುತ್ತದೆ ಎಂದರು. ಬಡ್ಡಿ ಮಾಮೂಲಿಗಿಂತ ಸ್ವಲ್ಪ ಕಡಿಮೆ. ನನ್ನ ಹತ್ತಿರ ಇರುವುದು 5 ಲಕ್ಷ. ದುಡ್ಡು ನಿಜವಾಗಿಯೂ ಅಲ್ಲಿಗೆ ಹೋಗುತ್ತದಾ, ಇಲ್ಲ ಇದು ಬರೀ ಜಾಹೀರಾತಾ? ಇದಕ್ಕಿಂತ ನಮ್ಮೂರ ಸೊಸೈಟಿಯಲ್ಲಿ ಇಟ್ಟರೆ ರೈತರಿಗಾದರೂ ಉಪಯೋಗ ಆಗುತ್ತದಲ್ಲವೇ?"

ಸಂಪಾದಕರ ಉತ್ತರ:

ಮೇಡಂ, ದುಡ್ಡು ಅಲ್ಲಿಗೇ ಹೋಗಬೇಕು ಎಂಬ ನಿಯಮ ಇದೆ. ಆದರೆ ಅದು ಹೋದ ಮಾತ್ರಕ್ಕೆ ಬ್ಯಾಂಕು ಬದಲಾಗುವುದಿಲ್ಲ. ಈ ಎರಡು ಮಾತಿನ ನಡುವೆ ಠೇವಣಿದಾರರು ಕೇಳಬೇಕಾದ ಪ್ರಶ್ನೆಗಳಿವೆ. ನಿಮ್ಮ ಪತ್ರವನ್ನು ಇಷ್ಟು ವಿವರವಾಗಿ ಎತ್ತಿಕೊಂಡಿದ್ದು ಅದಕ್ಕೇ.

ಮೊದಲು ನಿಯಮ ನೋಡೋಣ. ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಹಸಿರು ಠೇವಣಿಗೆ ಒಂದು ಚೌಕಟ್ಟು ಪ್ರಕಟಿಸಿತು. ಜೂನ್ 1ರಿಂದ ಅದು ಜಾರಿಗೆ ಬಂತು. ಹಸಿರು ಹೆಸರಿನಲ್ಲಿ ಸಂಗ್ರಹಿಸಿದ ಹಣವನ್ನು ಸೌರ ಮತ್ತು ಪವನ ವಿದ್ಯುತ್, ಇಂಧನ ಉಳಿತಾಯ, ಎಲೆಕ್ಟ್ರಿಕ್ ವಾಹನ, ನೀರು ಮತ್ತು ಕಸದ ನಿರ್ವಹಣೆ, ಜೀವವೈವಿಧ್ಯ ರಕ್ಷಣೆ ಇಂಥ ಕೆಲಸಗಳಿಗೇ ಸಾಲವಾಗಿ ಕೊಡಬೇಕು. ಕಲ್ಲಿದ್ದಲು, ಪೆಟ್ರೋಲಿಯಂ, ಅಣು ವಿದ್ಯುತ್, ಮದ್ಯ, ತಂಬಾಕು, ಶಸ್ತ್ರಾಸ್ತ್ರಕ್ಕೆ ಕೊಡುವಂತಿಲ್ಲ. ನಿಮ್ಮ ಜಿಲ್ಲೆಯವರಿಗೆ ಥಟ್ಟನೆ ಅರ್ಥವಾಗುವ ಇನ್ನೊಂದು ನಿಷೇಧವೂ ಇದೆ. 25 ಮೆಗಾವಾಟ್‌ಗಿಂತ ದೊಡ್ಡ ಜಲವಿದ್ಯುತ್ ಯೋಜನೆಗೂ ಈ ಹಣ ಹೋಗುವಂತಿಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಹೊಗೆ ಬಾರದ ವಿದ್ಯುತ್ತೆಲ್ಲ ನಿರಪಾಯ ಅಲ್ಲ ಎಂದು ಅಣೆಕಟ್ಟಿಗೆ ಮನೆ, ಜಮೀನು ಕಳೆದುಕೊಂಡ ಮುಳುಗಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಒಂದು ಸಾಲು ನಿಯಮದಲ್ಲಿ ಇರುವುದು ನನಗೆ ಸಮಾಧಾನ ತಂದಿದೆ.

ಬ್ಯಾಂಕು ಪ್ರತಿ ವರ್ಷ ಹೊರಗಿನವರಿಂದ ಇದರ ಲೆಕ್ಕ ಪರಿಶೀಲನೆ ಮಾಡಿಸಬೇಕು. ಎಷ್ಟು ಹಣ ಬಂತು, ಯಾವ ಕೆಲಸಕ್ಕೆ ಎಷ್ಟು ಹೋಯಿತು ಎಂಬ ವರದಿಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಅದರಿಂದ ಪರಿಸರಕ್ಕೆ ಆದ ಪರಿಣಾಮವೇನು ಎಂಬುದನ್ನೂ ಅಳೆಯಬೇಕು. ಈ ಅಳತೆ 2024-25ರಿಂದ ಕಡ್ಡಾಯ. ಅಳೆಯಲು ಆಗದಿದ್ದರೆ ಯಾಕೆ ಆಗಲಿಲ್ಲ ಎಂದಾದರೂ ಬರೆಯಬೇಕು. ನಿಮ್ಮ ಬಡ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಹಣ ಹಸಿರು ಸಾಲಕ್ಕೆ ಹೋಗಲಿ, ಹೋಗದಿರಲಿ, ಒಪ್ಪಿದ ಬಡ್ಡಿ ಕೊಡಲೇಬೇಕು.

ಇನ್ನು ತೊಡಕಿನ ಭಾಗ. ಈ ನಿಷೇಧಗಳೆಲ್ಲ ಹಸಿರು ಠೇವಣಿಯ ಹಣಕ್ಕೆ ಮಾತ್ರ. ಬ್ಯಾಂಕಿನ ಉಳಿದ ಹಣಕ್ಕೆ ಅಲ್ಲ. ಮಗಳ ಕಾಲೇಜು ಫೀಸಿಗೆ ಅಂತ ತಮ್ಮನಿಗೆ ನೀವು ದುಡ್ಡು ಕೊಡುತ್ತೀರಿ ಎಂದುಕೊಳ್ಳಿ. ಅವನು ಪ್ರಾಮಾಣಿಕವಾಗಿ ಫೀಸು ಕಟ್ಟುತ್ತಾನೆ, ರಸೀದಿಯನ್ನೂ ತೋರಿಸುತ್ತಾನೆ. ಆದರೆ ಫೀಸಿಗೆ ಅಂತ ಅವನೇ ತೆಗೆದಿಟ್ಟಿದ್ದ ದುಡ್ಡು ಈಗ ಬಿಡುವಾಯಿತಲ್ಲ, ಅದು ಎಲ್ಲಿಗೆ ಹೋಯಿತು? ಬ್ಯಾಂಕಿನಲ್ಲೂ ಇದೇ ಆಗಬಹುದು. ಸೋಲಾರ್ ಕಂಪನಿಗೆ ಹೇಗಿದ್ದರೂ ಕೊಡುತ್ತಿದ್ದ ಸಾಲವನ್ನೇ ನಿಮ್ಮ ಠೇವಣಿಯ ಲೆಕ್ಕದಲ್ಲಿ ತೋರಿಸಬಹುದು. ಉಳಿದ ಹಣ ಕಲ್ಲಿದ್ದಲು ಸ್ಥಾವರಕ್ಕೆ ಹೋಗಬಹುದು. ನಿಯಮ ಮುರಿದಂತೆ ಆಗುವುದಿಲ್ಲ. ಹಾಗಾಗಿ ಹಸಿರು ಠೇವಣಿಯ ವರದಿ ಒಂದನ್ನೇ ನೋಡಿದರೆ ಸಾಲದು. ಬ್ಯಾಂಕಿನ ಒಟ್ಟು ಸಾಲದಲ್ಲಿ ಕಲ್ಲಿದ್ದಲಿಗೆ ಎಷ್ಟು, ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯಾ, ಅದನ್ನೂ ಕೇಳಬೇಕು.

ಬ್ರಿಟನ್ನಿನಲ್ಲಿ ಇದೇ ವಿಷಯ ದೊಡ್ಡ ಸುದ್ದಿಯಾಗಿತ್ತು. 2021ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕು ಲಂಡನ್ ಮತ್ತು ಬ್ರಿಸ್ಟಲ್‌ನ ಬಸ್ ನಿಲ್ದಾಣಗಳಲ್ಲಿ ಜಾಹೀರಾತು ಹಾಕಿತ್ತು. 20 ಲಕ್ಷ ಗಿಡ ನೆಡಲು ನೆರವಾಗುತ್ತೇವೆ, ಗ್ರಾಹಕ ಕಂಪನಿಗಳು ಇಂಗಾಲ ಇಳಿಸಲು ಭಾರಿ ಹಣ ಒದಗಿಸುತ್ತೇವೆ ಎಂದು ಅದರಲ್ಲಿತ್ತು. 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಜಾಹೀರಾತು ಪ್ರಾಧಿಕಾರ ಅದನ್ನು ತಡೆಯಿತು. ಜಾಹೀರಾತು ಹೇಳಿದ್ದು ಸುಳ್ಳು ಎಂದಲ್ಲ. ಅದೇ ಬ್ಯಾಂಕು ತೈಲ, ಅನಿಲ, ಕಲ್ಲಿದ್ದಲು ಉದ್ಯಮಗಳಿಗೂ ಹಣ ಕೊಡುತ್ತಿರುವುದನ್ನು ಮರೆಮಾಚಿದ್ದು ತಪ್ಪು ಎಂಬುದು ಅದರ ಮಾತು. ನಮ್ಮಲ್ಲೂ ಇಂಥ ಕಟ್ಟುನಿಟ್ಟು ಬರಬೇಕು.

ಬಡ್ಡಿಯ ವಿಷಯಕ್ಕೆ ಬರುತ್ತೇನೆ. ಎಸ್‌ಬಿಐ 2024ರ ಜನವರಿಯಲ್ಲಿ 1111, 1777 ಮತ್ತು 2222 ದಿನಗಳ ಹಸಿರು ಠೇವಣಿ ತಂದಾಗ ಮಾಮೂಲಿ ದರಕ್ಕಿಂತ ಶೇ 0.10 ಕಡಿಮೆ ಬಡ್ಡಿ ಇಟ್ಟಿತ್ತು. ನಿಮ್ಮ 5 ಲಕ್ಷಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 500 ರೂಪಾಯಿ. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಮೊತ್ತ ಅಂತ ನಾನು ಹೇಳುವುದಿಲ್ಲ. ಆದಾಯ ತೆರಿಗೆಯಲ್ಲೂ ಇದಕ್ಕೆ ವಿಶೇಷ ರಿಯಾಯಿತಿ ಇಲ್ಲ. ಹಾಗಿರುವಾಗ ನೀವು ಬಿಟ್ಟುಕೊಟ್ಟ ಆ 500 ರೂಪಾಯಿ ಸಾಲ ಪಡೆಯುವವರಿಗೆ ಕಡಿಮೆ ಬಡ್ಡಿಯಾಗಿ ತಲುಪಬೇಕು. ಅದು ಬ್ಯಾಂಕಿನ ಲಾಭಕ್ಕೆ ಸೇರಿದರೆ ಅನ್ಯಾಯ. ಎಸ್‌ಬಿಐ 2019ರಲ್ಲಿ ಎಲೆಕ್ಟ್ರಿಕ್ ಕಾರಿನ ಸಾಲಕ್ಕೆ ಶೇ 0.20 ಬಡ್ಡಿ ಇಳಿಸಿತ್ತು. ಹಾಗೆ ಕಣ್ಣಿಗೆ ಕಾಣುವ ಇಳಿಕೆ ಇರಬೇಕು. ಇಲ್ಲದಿದ್ದರೆ ಕಡಿಮೆ ಬಡ್ಡಿಗೆ ಒಪ್ಪಬೇಡಿ ಎಂಬುದು ನನ್ನ ಸಲಹೆ. ಇನ್ನೂ ಕೆಲವು ಬ್ಯಾಂಕುಗಳು ಹಸಿರು ಠೇವಣಿ ತಂದಿವೆ, ಹೋಲಿಸಿ ನೋಡಿ.

ನನ್ನ ಮಟ್ಟಿಗೆ ಜವಾಬ್ದಾರಿಯ ಬ್ಯಾಂಕಿಂಗ್ ಎಂದರೆ ಠೇವಣಿಯ ಹೆಸರಿಗಿಂತ ಸಾಲ ಯಾರ ಕೈಗೆ ಹೋಗುತ್ತದೆ, ಅವರಿಗೆ ಒಗ್ಗುವ ಹಾಗೆ ಹೋಗುತ್ತದಾ ಎಂಬುದೇ ಮುಖ್ಯ. ನಮ್ಮ ಕರಾವಳಿಯವರಿಗೆ ಇದು ಮೊದಲೇ ಗೊತ್ತಿತ್ತು. 1925ರಲ್ಲಿ ಉಡುಪಿಯಲ್ಲಿ ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲು ಒಂದು ಸಂಸ್ಥೆ ಹುಟ್ಟಿತು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ತಂದಿತು. ದಿನಕ್ಕೆ ಎರಡಾಣೆ, ಏಜೆಂಟರು ಮನೆಬಾಗಿಲಿಗೇ ಬಂದು ಸಂಗ್ರಹಿಸುತ್ತಿದ್ದರು. ದಿನಗೂಲಿಯ ಬದುಕಿಗೆ ಬ್ಯಾಂಕು ಹೊಂದಿಕೊಂಡಿತು.

ಎಷ್ಟೋ ವರ್ಷಗಳ ನಂತರ ಸೋಲಾರ್ ದೀಪದ ವಿಷಯದಲ್ಲೂ ಇದೇ ಬುದ್ಧಿ ಕೆಲಸ ಮಾಡಿತು. 1995ರಲ್ಲಿ ಶುರುವಾದ ಸೋಲಾರ್ ಕಂಪನಿ ಸೆಲ್ಕೋದ ಹರೀಶ್ ಹಂದೆಯವರು ಹೇಳುವ ಒಂದು ಮಾತಿದೆ. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಟ್ಟುವುದು ಕಷ್ಟ, ದಿನಕ್ಕೆ 10 ಆದರೆ ಕಟ್ಟಬಲ್ಲರು. ಲೆಕ್ಕ ಒಂದೇ, ಆದರೆ ಅವರ ಸಂಪಾದನೆ ಬರುವುದೇ ದಿನಕ್ಕಿಷ್ಟು ಅಂತ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬೆಂಬಲದಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಮನೆ ದೀಪಕ್ಕೆ ಕಡಿಮೆ ಬಡ್ಡಿಯ ಸಾಲ ಕೊಟ್ಟವು. ಕೆಲವೇ ವರ್ಷಗಳಲ್ಲಿ 18 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಸೋಲಾರ್ ದೀಪ ಬಂತು. ಆಗ ಹಸಿರು ಠೇವಣಿ ಎಂಬ ಹೆಸರೂ ಇರಲಿಲ್ಲ. ಮಾಮೂಲಿ ಠೇವಣಿಯ ದುಡ್ಡಿಟ್ಟುಕೊಂಡೇ ಬ್ಯಾಂಕು ಮನಸ್ಸು ಮಾಡಿತು.

ಹಸಿರು ಇದ್ದಲ್ಲೆಲ್ಲ ನ್ಯಾಯವೂ ಇರುತ್ತದೆ ಎನ್ನುವಂತಿಲ್ಲ. ಪಾವಗಡದ ಸೋಲಾರ್ ಪಾರ್ಕ್ ನೋಡಿ. ಸುಮಾರು 13 ಸಾವಿರ ಎಕರೆ, 2050 ಮೆಗಾವಾಟ್. ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕೈಕೊಡುವ ಸೀಮೆಯಲ್ಲಿ ಜಮೀನಿದ್ದವರಿಗೆ ಇದು ಒಳ್ಳೆಯದೇ ಆಯಿತು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣ ಇಲ್ಲ, ಕೂಲಿಯೂ ಹೋಯಿತು. ಕುರಿ ಮೇಯಿಸುವವರಿಗೆ ಜಾಗ ಕಡಿಮೆಯಾಯಿತು. ಹಸಿರು ಠೇವಣಿಯ ವರದಿ ಎಷ್ಟು ಮೆಗಾವಾಟ್, ಎಷ್ಟು ಟನ್ ಇಂಗಾಲ ಎಂದು ಹೇಳುತ್ತದೆ. ಈ ಕೂಲಿಯವರ ಲೆಕ್ಕವೂ ಅದರಲ್ಲಿ ಇರಬೇಕು ಎಂದು ನಾವು ಒತ್ತಾಯಿಸಬೇಕು.

ನಿಮ್ಮ ಸೊಸೈಟಿಯ ಪ್ರಶ್ನೆ ನನಗೆ ತುಂಬ ಹಿಡಿಸಿತು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದು ಇದೇ ಆಸೆಯಿಂದ, ಊರಿನ ದುಡ್ಡು ಊರಿನ ರೈತರಿಗೇ ಸಿಗಲಿ ಅಂತ. ಆಡಳಿತ ಚೆನ್ನಾಗಿದ್ದರೆ ಸೊಸೈಟಿಯಷ್ಟು ಹತ್ತಿರದ ಬ್ಯಾಂಕಿಂಗ್ ಬೇರೆ ಇಲ್ಲ. ಸಾಲ ಪಡೆದವರ ಮುಖ ನಿಮಗೆ ಗೊತ್ತಿರುತ್ತದೆ. ಆದರೆ ಸೊಸೈಟಿಯ ಠೇವಣಿಗೆ, ಸೌಹಾರ್ದ ಸಹಕಾರಿಗಳ ಠೇವಣಿಗೆ ವಿಮೆ ಇಲ್ಲ. ಬ್ಯಾಂಕಿನಲ್ಲಿಟ್ಟರೆ ಅಸಲು, ಬಡ್ಡಿ ಸೇರಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ. ಬ್ಯಾಂಕಿನ ಹಸಿರು ಠೇವಣಿಗೂ ಇದೆ. ಆದರೆ ಹಣಕಾಸು ಕಂಪನಿಗಳೂ ಹಸಿರು ಠೇವಣಿ ಸಂಗ್ರಹಿಸಬಹುದು, ಅಲ್ಲಿ ಇಟ್ಟದ್ದಕ್ಕೆ ಈ ವಿಮೆ ಸಿಗುವುದಿಲ್ಲ. ಕಟ್ಟುವ ಮುನ್ನ ಇದೊಂದನ್ನು ತಪ್ಪದೆ ವಿಚಾರಿಸಿ. ಇರುವುದೆಲ್ಲ 5 ಲಕ್ಷ ಎಂದಮೇಲೆ ಅಷ್ಟನ್ನೂ ಸೊಸೈಟಿಯಲ್ಲಿ ಇಡಿ ಎಂದು ನಾನು ಹೇಳಲಾರೆ. ಲೆಕ್ಕಪತ್ರ ಸರಿ ಇದೆ, ಮಹಾಸಭೆ ಸರಿಯಾಗಿ ನಡೆಯುತ್ತದೆ ಎಂದು ಖಾತ್ರಿಯಾದರೆ ಕಳೆದುಕೊಂಡರೂ ತಡೆದುಕೊಳ್ಳಬಹುದಾದಷ್ಟು ಮಾತ್ರ ಇಡಿ.

ಅಂದಹಾಗೆ, ಮಾಮೂಲಿ ಎಫ್‌ಡಿ ಇಟ್ಟರೆ ಸಮಾಜಕ್ಕೆ ಏನೂ ಆಗುವುದಿಲ್ಲ ಅಂತಲೂ ಅಲ್ಲ. ನಮ್ಮ ವಾಣಿಜ್ಯ ಬ್ಯಾಂಕುಗಳು ಸಾಲದ ಶೇ 40ರಷ್ಟನ್ನು ಆದ್ಯತಾ ವಲಯಕ್ಕೆ, ಅಂದರೆ ಕೃಷಿ, ಸಣ್ಣ ಉದ್ಯಮ, ಶಿಕ್ಷಣದಂಥ ಕ್ಷೇತ್ರಗಳಿಗೆ ಕೊಡಬೇಕೆಂಬ ನಿಯಮ ಇದೆ. ಅದರೊಳಗೆ ಕೃಷಿಗೇ ಒಟ್ಟು ಸಾಲದ ಶೇ 18. ಅದನ್ನು ಮನಸ್ಸಿಟ್ಟು ಮಾಡುವ ಶಾಖೆ ನಿಮ್ಮ ಊರಲ್ಲಿದ್ದರೆ ಅಲ್ಲಿಟ್ಟ ದುಡ್ಡೂ ಒಳ್ಳೆಯ ಕೆಲಸವನ್ನೇ ಮಾಡುತ್ತದೆ.

ಹಾಗಾದರೆ ನೀವು ಮಾಡಬೇಕಾದ್ದು ಇಷ್ಟು. ಎರಡು ಲಕ್ಷವನ್ನು ಹಸಿರು ಠೇವಣಿಗೆ ಇಡುವ ಯೋಚನೆ ಇಟ್ಟುಕೊಳ್ಳಿ, ಆದರೆ ತಕ್ಷಣ ಸಹಿ ಹಾಕಬೇಡಿ. ಹಿಂದಿನ ವರ್ಷದ ಹಂಚಿಕೆ ವರದಿ ಮತ್ತು ಹೊರಗಿನವರ ಪರಿಶೀಲನಾ ವರದಿ ಕೊಡಿ ಎಂದು ಮ್ಯಾನೇಜರನ್ನು ಬರಹದಲ್ಲಿ ಕೇಳಿ. ಶಾಖೆಯವರಿಗೆ ಗೊತ್ತಿಲ್ಲದಿರಬಹುದು, ಅದು ಅವರ ತಪ್ಪಲ್ಲ. ಪ್ರಧಾನ ಕಚೇರಿಗೆ ಕಳಿಸಿ ಎನ್ನಿ. ವರದಿ ಬಂದರೆ, ಅದರಲ್ಲಿ ಯಾವ ಕೆಲಸಕ್ಕೆ ಎಷ್ಟು ಎಂದು ಸ್ಪಷ್ಟವಾಗಿದ್ದರೆ, ಧೈರ್ಯವಾಗಿ ಇಡಿ. ಬರದಿದ್ದರೆ ಮಾಮೂಲಿ ಎಫ್‌ಡಿಗೇ ಹಾಕಿ, ಯಾಕೆ ಹಾಗೆ ಮಾಡಿದಿರಿ ಎಂದು ಅವರಿಗೆ ಒಂದು ಸಾಲು ಬರೆದು ತಿಳಿಸಿ. ಬ್ಯಾಂಕು ಕೊಟ್ಟ ಉತ್ತರವನ್ನು ನಮಗೂ ಕಳಿಸಿದರೆ ಮುಂದಿನ ಸಂಚಿಕೆಯೊಂದರಲ್ಲಿ ಪ್ರಕಟಿಸುತ್ತೇವೆ. ಬೇರೆ ಓದುಗರೂ ತಮ್ಮ ಬ್ಯಾಂಕಿನಿಂದ ಇಂಥ ವರದಿ ಪಡೆದಿದ್ದರೆ ದಯವಿಟ್ಟು ಪ್ರತಿ ಕಳಿಸಿಕೊಡಿ.